ಅಮೃತೂರಿನವರು ಬೇಕೆಂದು ಸೋತಿಲ್ಲ

(ತುಮಕೂರು ಜಿಲ್ಲಾ ಕಾಗದದ ಹಾಕಿ ಕೂಟದ ಸಂಚಾಲಕರಿಗೆ ಬಹಿರಂಗ ಪತ್ರ)

ಕುಣಿಗಲ್
2 ಏಪ್ರಿಲ್ 2007

ಮಾನ್ಯ ಸಂಚಾಲಕ ಮಹಾಶಯರೇ,

ಮುಂದಿನ ವರ್ಷದ ಆಟಕ್ಕೆ ಎಲ್ಲರಿಗಿಂತ ಮೊದಲು ಆಟಗಾರನನ್ನು ಆರಿಸಿಕೊಳ್ಳುವ ಹಕ್ಕನ್ನು ಅಮೃತೂರಿನ ಕಾಳಯ್ಯನವರಿಂದ ಕಿತ್ತು ನನಗೆ ಕೊಟ್ಟಿದ್ದೀರಿ. ನನಗದು ಬೇಡ. ಬೇಡವೆಂದು ಒಂದು ಪೋಸ್ಟ್ ಕಾರ್ಡ್ ಗೀಚಿ ಸುಮ್ಮನಾಗಬಹುದಿತ್ತು. ಆದರೆ ನೀವು ಕಾಳಯ್ಯನವರಿಗೆ ಮೋಸಗಾರರೆಂಬ ಹೆಸರು ಕೊಟ್ಟಿದ್ದು ಪೋಸ್ಟ್ ಕಾರ್ಡಿನಲ್ಲಿ ಅಲ್ಲವಲ್ಲ! ನೋಟಿಸ್ ಬೋರ್ಡಿಗೆ ಅಂಟಿಸಿದಿರಿ. ಅದು ಸಾಲದೆಂದು ಊರಿನ ಪತ್ರಿಕೆಗೆ ಕಳಿಸಿ ನಾಲ್ಕು ಸಾಲು ಅಚ್ಚು ಹಾಕಿಸಿದಿರಿ. ಹಾಗಾಗಿ ಉತ್ತರವೂ ನಾಲ್ಕು ಜನ ಓದುವ ಕಡೆಯೇ ಬರಲಿ ಎಂದು ಇದನ್ನು ಅದೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ನಾಲ್ಕು ಸಾಲಿಗೆ ಜಾಗ ಕೊಟ್ಟವರು ನನ್ನ ನಾಲ್ಕು ಪುಟಕ್ಕೂ ಕೊಡುತ್ತಾರೆಂದು ನಂಬಿದ್ದೇನೆ.

ಓದುವವರಿಗೆ ಮೊದಲು ನಮ್ಮ ಕೂಟವೇನೆಂದು ಹೇಳಿಬಿಡುತ್ತೇನೆ. 2005ರಲ್ಲಿ ಟಿವಿಯಲ್ಲಿ ದೇಶದ ದೊಡ್ಡ ಹಾಕಿ ಲೀಗ್ ಶುರುವಾದಾಗ, ಕ್ರಿಕೆಟ್ ಬಿಟ್ಟು ಬೇರೆ ಆಟವೂ ಇದೆ ಎಂದು ನಂಬಿದ್ದ ಎಂಟು ಜನ ತುಮಕೂರಿನಲ್ಲಿ ಸೇರಿದೆವು. ನಮ್ಮದು ಮೈದಾನವಿಲ್ಲದ ಆಟ. ಒಬ್ಬೊಬ್ಬರಿಗೂ ಒಂದೊಂದು ಕಾಗದದ ತಂಡ. ಟಿವಿಯಲ್ಲಿ ಆಡುವ ನಿಜವಾದ ಆಟಗಾರರಲ್ಲಿ ಹತ್ತು ಜನರನ್ನು ಸರದಿಯಂತೆ ಆರಿಸಿಕೊಳ್ಳಬೇಕು. ಒಬ್ಬರು ಆರಿಸಿದವನು ಇನ್ನೊಬ್ಬರಿಗಿಲ್ಲ. ಪ್ರತಿ ವಾರ ಆ ಹತ್ತರಲ್ಲಿ ಎಂಟು ಜನರ ಪಟ್ಟಿ ಕಳಿಸಬೇಕು. ನಮ್ಮ ಪಟ್ಟಿಯವನು ಆ ವಾರ ನಿಜವಾದ ಮೈದಾನದಲ್ಲಿ ಗೋಲು ಹೊಡೆದರೆ ನಮಗೆ ನಾಲ್ಕು ಅಂಕ, ಗೋಲಿಗೆ ಪಾಸ್ ಕೊಟ್ಟರೆ ಒಂದು, ಹಳದಿ ಕಾರ್ಡ್ ತಿಂದರೆ ಎರಡು ಅಂಕ ಖೋತಾ, ಬೆಂಚಿನ ಮೇಲೆ ಕೂತರೆ ಸೊನ್ನೆ. ವಾರಕ್ಕೊಬ್ಬ ಎದುರಾಳಿ. ಯಾರ ಎಂಟು ಜನ ಹೆಚ್ಚು ಅಂಕ ತಂದರೋ ಅವರು ಗೆದ್ದಂತೆ. ಇಷ್ಟೇ ಆಟ. ಬಹುಮಾನವೆಂದರೆ ಒಂದು ಹಿತ್ತಾಳೆ ಲೋಟ, ಅದೂ ಒಂದು ವರ್ಷದ ಮಟ್ಟಿಗೆ. ನನ್ನ ಗಂಡ ಇದಕ್ಕೆ "ಇಲ್ಲದ ಮಕ್ಕಳಿಗೆ ಕುಲಾವಿ ಹೊಲಿಯೋ ಆಟ" ಎಂದು ಹೆಸರಿಟ್ಟಿದ್ದಾರೆ. ಆದರೂ ಶನಿವಾರ ಬಂತೆಂದರೆ "ಪಟ್ಟಿ ಬರೆದ್ಯಾ?" ಎಂದು ಕೇಳುವವರೂ ಅವರೇ.

ಈ ಕೂಟಕ್ಕೆ ಒಂದು ಒಳ್ಳೆಯ ನಿಯಮವಿತ್ತು. ಕೊನೆಯಲ್ಲಿ ಬಂದವರಿಗೆ ಮುಂದಿನ ವರ್ಷ ಮೊದಲ ಆಯ್ಕೆ. ಮೊದಲು ಬಂದವರಿಗೆ ಕೊನೆಯ ಆಯ್ಕೆ. ಇದನ್ನು ಮೊದಲ ಸಭೆಯಲ್ಲಿ ಎದ್ದು ನಿಂತು ಹೇಳಿದವರು ತಾವೇ. "ಗೆದ್ದೋರೇ ಗೆಲ್ತಾ ಹೋದ್ರೆ ಉಳಿದೋರು ಯಾಕ್ರೀ ಆಡ್ತಾರೆ? ತಕ್ಕಡಿ ಸಮ ಇರ್ಬೇಕು" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ, ಏಕೆಂದರೆ ಎಂಟು ಜನರಲ್ಲಿ ನಾನೊಬ್ಬಳೇ ಹೆಂಗಸು, ನೀವು ಅದಕ್ಕೂ ಮುಂಚೆ "ಮೇಡಂ ಅವರಿಗೆ ಪೆನಾಲ್ಟಿ ಕಾರ್ನರ್ ಅಂದ್ರೆ ಗೊತ್ತಾ?" ಎಂದು ಕೇಳಿದ್ದಿರಿ. ಕಾಲೇಜಿನ ಹಾಕಿ ತಂಡದ ಮುಂಪಡೆಯಲ್ಲಿ ಮೂರು ವರ್ಷ ಲೆಫ್ಟ್ ಇನ್ ಆಡಿದವಳು ನಾನು. ನನ್ನ ಮೊಣಕಾಲಿನ ಗಾಯದ ಗುರುತು ಇವತ್ತಿಗೂ ಇದೆ. ಆದರೂ ಅವತ್ತು ನಕ್ಕು ಸುಮ್ಮನಾದೆ. ತಕ್ಕಡಿ ಸಮ ಇಡುತ್ತೇನೆನ್ನುವ ಮನುಷ್ಯನ ಮೇಲೆ ಅಷ್ಟಕ್ಕೆಲ್ಲ ಹರಿಹಾಯಬಾರದು ಅನ್ನಿಸಿತ್ತು.

ಈಗ ನಿಮ್ಮ ಮಾರ್ಚ್ 25ರ ನೋಟಿಸಿಗೆ ಬರೋಣ. ಅದರಲ್ಲಿ ಹೀಗಿದೆ: "ಅಮೃತೂರು ತಂಡದ ಮಾಲೀಕರು ಮೊದಲ ಆಯ್ಕೆಯ ದುರಾಸೆಯಿಂದ, ಕೊನೆಯ ವಾರದಲ್ಲಿ ಗಾಯಗೊಂಡ ಆಟಗಾರನನ್ನು ಬೇಕೆಂದೇ ಪಟ್ಟಿಯಲ್ಲಿ ಸೇರಿಸಿ, ಉದ್ದೇಶಪೂರ್ವಕವಾಗಿ ಸೋತಿರುವುದು ಸಾಬೀತಾಗಿದೆ. ಅವರ ಮೊದಲ ಆಯ್ಕೆಯನ್ನು ರದ್ದುಪಡಿಸಿ, ಸದರಿ ಪಂದ್ಯದ ಎದುರಾಳಿಯಾದ ಕುಣಿಗಲ್ ತಂಡಕ್ಕೆ ಪರಿಹಾರ ರೂಪದಲ್ಲಿ ನೀಡಲಾಗಿದೆ."

ಪರಿಹಾರ! ನನಗೇನು ನಷ್ಟವಾಗಿತ್ತು ಮಹಾಶಯರೇ? ಆ ಪಂದ್ಯ ಗೆದ್ದವಳು ನಾನು. ಗೆದ್ದಿದ್ದರಿಂದ ಎರಡನೆಯ ಸ್ಥಾನಕ್ಕೆ ಏರಿದವಳು ನಾನು. ಬಸ್ಸು ಡಿಕ್ಕಿ ಹೊಡೆದರೆ ಪರಿಹಾರ ಕೊಡುವುದು ಕೇಳಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದಕ್ಕೆ ಪರಿಹಾರ ಕೊಡುವುದನ್ನು ನಿಮ್ಮ ಕೂಟದಲ್ಲೇ ಮೊದಲು ನೋಡಿದ್ದು. ಕೊನೆಯವರ ಕೈಯಲ್ಲಿದ್ದುದನ್ನು ಕಿತ್ತು ಎರಡನೆಯವರಿಗೆ ಕೊಟ್ಟರೆ ನಿಮ್ಮ ತಕ್ಕಡಿ ಯಾವ ಕಡೆ ವಾಲುತ್ತದೆ? ಏಳನೆಯ ಸ್ಥಾನದ ಗುಬ್ಬಿ ಗುಂಡಯ್ಯನವರಿಗೆ ಕೊಟ್ಟಿದ್ದರೂ ಒಂದು ಅರ್ಥವಿತ್ತು. ಅವರನ್ನು ನೀವು ಕೇಳಲೂ ಇಲ್ಲ.

ಇನ್ನು "ಸಾಬೀತಾಗಿದೆ" ಎಂಬ ಮಾತು. ಯಾರು ಸಾಬೀತು ಮಾಡಿದರು? ಯಾವ ಸಭೆಯಲ್ಲಿ? ಕೊನೆಯ ವಾರಕ್ಕೆ ಮುಂಚೆ ಕಾಳಯ್ಯನವರು ಆರಕ್ಕೆ ಆರೂ ಪಂದ್ಯ ಸೋತಿದ್ದರು. ಏಳನೆಯ ಸ್ಥಾನದಲ್ಲಿದ್ದ ಗುಂಡಯ್ಯನವರು ಎರಡು ಗೆದ್ದಿದ್ದರು. ಉಳಿದದ್ದು ಒಂದೇ ಪಂದ್ಯ. ಕಾಳಯ್ಯನವರು ಅದನ್ನು ಗೆದ್ದಿದ್ದರೂ ಎಂಟನೆಯವರೇ, ಸೋತಿದ್ದರೂ ಎಂಟನೆಯವರೇ. ಮೊದಲ ಆಯ್ಕೆ ಆಗಲೇ ಅವರ ಕೈ ಸೇರಿಯಾಗಿತ್ತು. ಕೈಯಲ್ಲಿರುವುದನ್ನು ಪಡೆಯಲು ಯಾರಾದರೂ ಮೋಸ ಮಾಡುತ್ತಾರೆಯೇ? ಎರಡನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುವ ಲೆಕ್ಕ ಇದು. ನೋಟಿಸಿಗೆ ಸೀಲು ಒತ್ತುವ ಮುಂಚೆ ನೀವು ಬೆರಳು ಮಡಚಬೇಕಿತ್ತು.

ಆದರೆ ಒಬ್ಬ ಮನುಷ್ಯ ಆರಕ್ಕೆ ಆರೂ ಏಕೆ ಸೋಲುತ್ತಾನೆ ಎಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ಮೂರು ವರ್ಷವೂ ಕೊನೆಯ ಸ್ಥಾನ. ಎರಡು ವರ್ಷ ಮೊದಲ ಆಯ್ಕೆ ಸಿಕ್ಕಿಯೂ ಕೊನೆಯ ಸ್ಥಾನ. ಹಾಕಿ ಗೊತ್ತಿಲ್ಲದವರೇ? ಎಪ್ಪತ್ತೈದರ ವಿಶ್ವಕಪ್ ಫೈನಲ್ಲನ್ನು ರೇಡಿಯೋದಲ್ಲಿ ಕೇಳಿ, ಇವತ್ತಿಗೂ ಯಾವ ನಿಮಿಷಕ್ಕೆ ಯಾರು ಯಾರಿಗೆ ಪಾಸ್ ಕೊಟ್ಟರೆಂದು ಹೇಳುವ ಮನುಷ್ಯ ಅವರು. ಕಾರಣ ಬೇರೆ ಇದೆ. ನಿಮ್ಮ ಪಟ್ಟಿ ಹಾಕುವ ಪೆಟ್ಟಿಗೆ ಎಲ್ಲಿದೆ? ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ರಂಗನಾಥ್ ಅವರ ಟಿವಿ ರಿಪೇರಿ ಅಂಗಡಿಯ ಬಾಗಿಲಲ್ಲಿ. ರಂಗನಾಥ್ ಯಾರು? ಮೂರು ವರ್ಷವೂ ಹಿತ್ತಾಳೆ ಲೋಟ ಮನೆಗೊಯ್ದ ನಗರ ತಂಡದ ಮಾಲೀಕರು. ಪೆಟ್ಟಿಗೆಗೆ ಬೀಗ ಬೀಳುವುದು ಯಾವಾಗ? ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಗರದವರು ಶನಿವಾರ ಸಂಜೆಯ ಪಂದ್ಯ ನೋಡಿ, ಭಾನುವಾರ ಪೇಪರ್ ಓದಿ, ಇಡ್ಲಿ ತಿಂದು, ಲುಂಗಿಯಲ್ಲೇ ನಡೆದುಕೊಂಡು ಹೋಗಿ ಪಟ್ಟಿ ಹಾಕುತ್ತಾರೆ.

ಅಮೃತೂರಿನಿಂದ ತುಮಕೂರಿಗೆ ಬೆಳಗಿನ ಪ್ರೈವೇಟ್ ಬಸ್ ಹೊರಡುವುದು ಆರೂಕಾಲಿಗೆ. ಅದು ತಪ್ಪಿದರೆ ಮುಂದಿನದು ಹತ್ತರೊಳಗೆ ಮುಟ್ಟುವುದಿಲ್ಲ. ಕಂಡಕ್ಟರ್ ರಾಮಾಂಜಿನಯ್ಯನವರು ಕಾಳಯ್ಯನವರ ಲಕೋಟೆ ತಗೊಂಡು, ಏಳಕ್ಕೆ ಕುಣಿಗಲ್ಲಿನಲ್ಲಿ ನನ್ನದನ್ನೂ ತಗೊಂಡು, ಹೆಬ್ಬೂರಿನ ಮೇಲೆ ತುಮಕೂರಿಗೆ ಹೋಗಿ, ಶೆಟ್ಟಿಹಳ್ಳಿ ಕಡೆಯ ಆಟೋದವರ ಕೈಗೆ ಕೊಡುತ್ತಾರೆ. ಕಾಳಯ್ಯನವರು ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಅವರೂರಿಗೆ ಆ ದಿನದ ಪೇಪರೇ ಬಂದಿರುವುದಿಲ್ಲ. ಎಂಟಕ್ಕೆ ಬಂದರೂ ಅದು ಮೊದಲೇ ಅಚ್ಚಾಗಿ ಹೊರಟ ಪ್ರತಿ. ಶನಿವಾರ ಸಂಜೆಯ ಪಂದ್ಯ ಅದರಲ್ಲಿ ಇರುವುದಿಲ್ಲ. ಟಿವಿ ನೋಡೋಣವೆಂದರೆ ಬೇಸಿಗೆ ಹತ್ತಿರವಾದಂತೆ ಹಳ್ಳಿಗಳಲ್ಲಿ ಸಂಜೆ ಕರೆಂಟ್ ಇರುವುದಿಲ್ಲ. ನೀವೆಲ್ಲ ಕಣ್ಣು ಬಿಟ್ಟು ಆಡುವ ಆಟವನ್ನು ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಾರೆ. ಅವರಿಗೆ ಮೊದಲ ಆಯ್ಕೆ ಕೊಟ್ಟು ಮಹೋಪಕಾರ ಮಾಡಿದ್ದೇವೆಂದು ನೀವು ಬೀಗುತ್ತೀರಿ.

ಗುಂಡಯ್ಯನವರ ಕತೆಯೂ ಬೇರೆಯಲ್ಲ. ಮೊದಲ ವರ್ಷ ಅವರ ಲಕೋಟೆ ಕಂಡಕ್ಟರ್ ಜೇಬಿನಲ್ಲೇ ಉಳಿದು ತುಮಕೂರಿನಿಂದ ತಿಪಟೂರಿಗೆ ವಾಪಸ್ಸು ಹೋಗಿತ್ತು. ನೀವು "ಪಟ್ಟಿ ಬಂದಿಲ್ಲ, ಸೊನ್ನೆ" ಎಂದು ಬರೆದಿರಿ. ಆಮೇಲಿನಿಂದ ಆ ಅರವತ್ತು ದಾಟಿದ ಮನುಷ್ಯ ಭಾನುವಾರ ಬೆಳಿಗ್ಗೆ ಗುಬ್ಬಿಯಲ್ಲಿ ರೈಲು ಹತ್ತಿ ತಾವೇ ಬರತೊಡಗಿದರು. ಒಂದು ದಿನ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಅವರು ಕಣ್ಣಾರೆ ಕಂಡದ್ದನ್ನು ನನಗೆ ಹೇಳಿದ್ದಾರೆ: "ಹತ್ತಕ್ಕೆ ಹತ್ ನಿಮಿಷ ಇದೆ ಕಣಮ್ಮ. ಒಳ್ಗೆ ಟಿವೀಲಿ ಯಾರೋ ಆಡಾಕಿಲ್ಲ ಅಂತ ಬಂತು. ರಂಗನಾಥಪ್ಪ ಪಟ್ಟಿ ಈಚೆ ತೆಗ್ದು, ಒಂದ್ ಹೆಸ್ರು ಹೊಡ್ದಾಕಿ, ಇನ್ನೊಂದ್ ಬರ್ದು, ತಿರ್ಗಾ ಒಳೀಕ್ ಹಾಕ್ಬುಟ್ಟ. ನನ್ನ ನೋಡಿ ನಗ್ತಾನೆ ಬೇರೆ." ರಂಗನಾಥ್ ಅವರ ಮೇಲೆ ನನಗೇನೂ ಹಗೆಯಿಲ್ಲ. ಹತ್ತರವರೆಗೆ ಪಟ್ಟಿ ಬದಲಿಸಬಹುದೆಂದು ನಿಯಮವಿದೆ, ಅವರು ಬದಲಿಸಿದರು. ನಿಮಗೂ ಅವರಿಗೂ ಅನುಕೂಲವಾದದ್ದಕ್ಕೆ ನೀವು ನಿಯಮವೆಂದು ಹೆಸರಿಟ್ಟಿದ್ದೀರಿ, ಅದಕ್ಕೆ ನನ್ನ ಸಿಟ್ಟು.

ಇಷ್ಟರವರೆಗೆ ಬರೆದದ್ದೆಲ್ಲ ಆಟದ ಮಾತು. ಕಾಗದದ ಮೇಲಿನ ಸೋಲಿಗೆ ಯಾರೂ ಉಪವಾಸ ಬೀಳುವುದಿಲ್ಲ. ಈ ಪತ್ರ ಬರೆಯಲು ಅದೊಂದೇ ಕಾರಣವಾಗಿದ್ದರೆ ನಾನೂ ಎಲ್ಲರಂತೆ ಗೊಣಗಿಕೊಂಡು ಇರುತ್ತಿದ್ದೆ. ಈಗ ಕಾಳಯ್ಯನವರು ಯಾರೆಂದು ಹೇಳುತ್ತೇನೆ. ಮೂರು ವರ್ಷದಲ್ಲಿ ನೀವು ಅದನ್ನು ಒಮ್ಮೆಯೂ ವಿಚಾರಿಸಿಲ್ಲ.

ಅವರು ಅಮೃತೂರಿನ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಬೆಳಿಗ್ಗೆ, ಸಂಜೆ ಹೆಂಗಸರು ಚೊಂಬು, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಇವರು ಹಾಲಿಗೆ ಗಾಜಿನ ಕೊಳವೆ ಇಳಿಸಿ, ಡಿಗ್ರಿ ನೋಡಿ, ಒಂದು ಅಂಕಿ ಕೂಗುತ್ತಾರೆ. ನೀರು ಬೆರೆತಿದೆಯೋ ಇಲ್ಲವೋ ಅನ್ನುವುದು ಆ ಒಂದು ಅಂಕಿಯಲ್ಲಿದೆ. ಗಾಜಿನ ಮೇಲಿನ ಗೆರೆ ಸಾಲಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಕಾಳಯ್ಯನವರ ಮುಖ ಮಾತ್ರ. ಅವರು ಕೂಗಿದ್ದನ್ನು ಊರು ಒಪ್ಪಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷ ಒಪ್ಪಿಕೊಂಡಿತ್ತು.

ನಿಮ್ಮ ನಾಲ್ಕು ಸಾಲು ಪೇಪರಿನಲ್ಲಿ ಬಂದ ಮೂರನೆಯ ದಿನ ಅವರು ನನ್ನ ಬೂತಿಗೆ ಬಂದರು. ಕುಣಿಗಲ್ ಬಸ್ ನಿಲ್ದಾಣದ ಎದುರು ನನ್ನದೊಂದು ಎಸ್‌ಟಿಡಿ ಬೂತ್ ಇದೆ. ಮೊಬೈಲ್ ಬಂದ ಮೇಲೆ ಜನ ಕಡಿಮೆ, ಆದರೂ ಬಾಗಿಲು ತೆಗೆದಿರುತ್ತೇನೆ. ಒಗೆದ ಬಿಳಿ ಶರ್ಟು, ಕೈಯಲ್ಲಿ ಆ ಪೇಪರಿನ ತುಂಡು. ಕೂರಲು ಹೇಳಿದರೆ ಕೂರಲಿಲ್ಲ.

"ಚಿಕ್ಕಮಾರಮ್ಮ ಅಂತ ಅವ್ಳೆ ಕಣಮ್ಮ, ನಮ್ ಬೀದಿಯೋಳೆ" ಎಂದರು. "ಮೊನ್ನೆ ಸಂಜೆ ಹಾಲು ತಂದಿದ್ಲು. ಡಿಗ್ರಿ ಹೇಳ್ದೆ. ಹೋಗ್ನಿಲ್ಲ, ನಿಂತ್ಕಂಡ್ಲು. ಇನ್ನೊಂದ್ ಕಿತ ನೋಡು ಕಾಳಯ್ಯ, ಆಟದಾಗೇ ಬೇಕಂತ ಸೋತಿದ್ದೀಯಂತೆ, ಹಾಲಿನಾಗೆ ಬುಡ್ತೀಯಾ ಅಂದ್ಲು. ಹಿಂದ್ಗಡೆ ಇದ್ದೋರೆಲ್ಲ ನಕ್ರು."

"ನೀವೇನಂದ್ರಿ ಅಣ್ಣ?"

"ಏನನ್ನಾನ? ಇನ್ನೊಂದ್ ಕಿತ ನೋಡ್ದೆ." ಅವರು ಪೇಪರಿನ ತುಂಡನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಅಷ್ಟೇ ಇತ್ತು. ಆದ್ರೆ ಇಪ್ಪತ್ತೆರಡು ವರ್ಸದಾಗೆ ಇನ್ನೊಂದ್ ಕಿತ ನೋಡು ಅಂತ ಯಾರೂ ಅಂದಿರ್ನಿಲ್ಲ ಕಣಮ್ಮ. ಈಗ ದಿನಾ ಒಬ್ರಲ್ಲ ಒಬ್ರು ಅಂತಾವ್ರೆ."

ಆಮೇಲೆ ನಿಮಗೆ ಫೋನ್ ಮಾಡಿಕೊಡಲು ಹೇಳಿದರು. ಮಾಡಿಕೊಟ್ಟೆ. ನಿಮಗೆ ಆ ಕರೆ ನೆನಪಿರಬಹುದು. ಇರಲಿಕ್ಕಿಲ್ಲ, ಏಕೆಂದರೆ ನೀವು ಮಾತಾಡಿದ್ದು ಒಂದು ನಿಮಿಷವೂ ಅಲ್ಲ. ನಿಮ್ಮ ದನಿ ಜೋರು. ರಿಸೀವರಿನಿಂದ ಈಚೆಗೆ, ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. "ರೀ ಕಾಳಯ್ಯ, ಅವನಿಗೆ ಗಾಯ ಆಗಿದ್ದು ಇಡೀ ತುಮಕೂರಿಗೆ ಗೊತ್ತು. ನಿಮಗೊಬ್ರಿಗೆ ಗೊತ್ತಿರ್ಲಿಲ್ವಾ? ಯಾರ ಕಿವಿಗೆ ಹೂವು ಇಡ್ತೀರಿ?" ಎಂದಿರಿ. ಇಡೀ ತುಮಕೂರು! ನಿಮ್ಮ ಇಡೀ ತುಮಕೂರು ಟೌನ್‌ಹಾಲಿನಿಂದ ಶೆಟ್ಟಿಹಳ್ಳಿಯವರೆಗೆ. ಜಿಲ್ಲೆ ಎಂಬ ಪದ ನಿಮ್ಮ ಲೆಟರ್ ಹೆಡ್ಡಿನಲ್ಲಿ ಮಾತ್ರ ಇದೆ.

ಆಗ ಕಾಳಯ್ಯನವರು ಹೇಳಿದ ಮಾತನ್ನು ನೀವು ಕೇಳಿಸಿಕೊಳ್ಳದೆ ಫೋನ್ ಇಟ್ಟಿರಿ. ನಾನು ಕೇಳಿಸಿಕೊಂಡೆ. "ಸಾರ್, ನಂಗೊತ್ತಿರ್ನಿಲ್ಲ ಸಾರ್. ಬಸ್ಸಿಗೆ ಕೊಡೋಕ್ ಮುಂಚೆ ಕುಣಿಗಲ್ ಮಂಗಳಮ್ಮೋರ್ಗೇ ಫೋನ್ ಮಾಡಿ ಕೇಳ್ದೆ. ಅವ್ರಿಗೂ ಗೊತ್ತಿರ್ನಿಲ್ಲ. ಬೇಕಾದ್ರೆ ಇಲ್ಲೇ ಅವ್ರೆ, ಕೇಳಿ ಸಾರ್."

ರಿಸೀವರನ್ನು ನನ್ನ ಕಡೆ ಚಾಚಿ ನಿಂತಿದ್ದರು. ಆ ಕಡೆ ಯಾರೂ ಇರಲಿಲ್ಲ. ನೀವು ಆಗಲೇ ಇಟ್ಟುಬಿಟ್ಟಿದ್ದಿರಿ. ಅದಕ್ಕಾಗಿ ಆ ಕ್ಷಣದಲ್ಲಿ ನಿಮಗೆ ಮನಸ್ಸಿನಲ್ಲೇ ಕೈಮುಗಿದೆ ಮಹಾಶಯರೇ. ನಿಮಗೆ ನಾನು ಕೃತಜ್ಞಳಾಗಿದ್ದು ಅದೊಂದೇ ಸಲ, ಮತ್ತು ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಡೆದದ್ದು ಹೀಗೆ. ಫೆಬ್ರವರಿ ಮೂರನೇ ತಾರೀಕು, ಶನಿವಾರ ಸಂಜೆ, ಕುಣಿಗಲ್ಲಿನಲ್ಲಿ ಕರೆಂಟ್ ಇತ್ತು. ಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಪಂದ್ಯ ನೋಡುತ್ತಿದ್ದೆ. ಕಾಳಯ್ಯನವರ ತಂಡದ ಜೀವಾಳವೇ ಆಗಿದ್ದ ಪೆನಾಲ್ಟಿ ಕಾರ್ನರ್ ಆಟಗಾರ ಮಂಡಿ ಹಿಡಿದುಕೊಂಡು ಬಿದ್ದ. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋದರು. ಈ ವರ್ಷ ಇನ್ನು ಆಡುವುದಿಲ್ಲ ಎಂದು ಕಾಮೆಂಟರಿಯವರು ಹೇಳಿದರು. ಆ ವಾರ ನನ್ನ ಎದುರಾಳಿ ಕಾಳಯ್ಯನವರೇ. ನಾನು ಲಟ್ಟಣಿಗೆ ಕೆಳಗಿಟ್ಟು ಲೆಕ್ಕ ಹಾಕಿದೆ. ಅವರಿಗೆ ಇದು ಗೊತ್ತಾಗದಿದ್ದರೆ ನಾನು ಗೆಲ್ಲುತ್ತೇನೆ. ಗೆದ್ದರೆ ಎರಡನೆಯವಳಾಗುತ್ತೇನೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಬೂತಿನ ಶಟರ್ ಎತ್ತುವಾಗಲೇ ಫೋನ್ ಬಡಿದುಕೊಳ್ಳುತ್ತಿತ್ತು. "ಮಂಗಳಮ್ಮ, ನಾನು ಕಾಳಯ್ಯ ಕಣಮ್ಮ, ಅಮೃತೂರಿಂದ. ರಾತ್ರಿ ಕರೆಂಟ್ ತೆಗ್ದಿದ್ರು. ಆಟದಾಗೆ ನಮ್ ಹುಡ್ಗನ್ಗೆ ಏನೂ ಆಗಿಲ್ವಲ್ಲ?" ಎಂದರು. ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು.

"ನಮ್ಮಲ್ಲೂ ಕರೆಂಟ್ ಇರ್ಲಿಲ್ಲ ಕಣಣ್ಣ, ನಾನೂ ನೋಡ್ಲಿಲ್ಲ" ಎಂದೆ.

"ಸರಿ ಬುಡಮ್ಮ, ಹಂಗಾದ್ರೆ ಇಬ್ರೂ ಒಂದೇ. ಒಳ್ಳೇದಾಗ್ಲಿ ನಿಂಗೆ" ಎಂದು ಇಟ್ಟರು.

ಏಳಕ್ಕೆ ಬಸ್ ಬಂತು. ರಾಮಾಂಜಿನಯ್ಯನವರು ಬಾಗಿಲಲ್ಲಿ ನಿಂತು ಚರ್ಮದ ಚೀಲ ತೆರೆದರು. ಒಳಗೆ ಕಾಳಯ್ಯನವರ ಲಕೋಟೆ ಕಾಣುತ್ತಿತ್ತು. ಅಲ್ಲಿಯೂ ಹೇಳಬಹುದಿತ್ತು. "ಅಣ್ಣ, ಒಂದು ನಿಮಿಷ, ಅಮೃತೂರಿಗೆ ಒಂದು ಫೋನ್ ಮಾಡ್ತೀನಿ, ಅದ್ರಲ್ಲಿ ಒಂದು ಹೆಸ್ರು ಬದ್ಲಾಯ್ಸಬೇಕು" ಎಂದಿದ್ದರೆ ಆ ಮನುಷ್ಯ ಬಸ್ ನಿಲ್ಲಿಸುತ್ತಿದ್ದರು. "ಕೊಡಿ ಅಮ್ಮೋರೆ, ಟೈಮಾಯ್ತು" ಎಂದರು. ನನ್ನ ಲಕೋಟೆಯನ್ನು ಅವರ ಲಕೋಟೆಯ ಮೇಲಿಟ್ಟು ಒಳಗೆ ಬಂದೆ.

ನನಗೆ ಹತ್ತೊಂಬತ್ತು ಅಂಕ, ಅವರಿಗೆ ಹದಿನಾರು. ಗಾಯಾಳುವಿನ ಬದಲು ಅವರು ಹೊರಗಿಟ್ಟಿದ್ದ ಇನ್ನೊಬ್ಬ ಮುಂಪಡೆಯವನು ಆ ವಾರ ಒಂದು ಗೋಲು ಹೊಡೆದ. ಅವನು ಪಟ್ಟಿಯಲ್ಲಿದ್ದಿದ್ದರೆ ಅವರಿಗೆ ಇಪ್ಪತ್ತು. ಈ ವರ್ಷದ ಅವರ ಮೊದಲ ಗೆಲುವು, ಒಂದೇ ಒಂದು ಅಂಕದಿಂದ. ಅದನ್ನು ತಡೆದಿದ್ದು ಶೆಟ್ಟಿಹಳ್ಳಿಯ ಪೆಟ್ಟಿಗೆಯೂ ಅಲ್ಲ, ನೀವೂ ಅಲ್ಲ. ಸ್ಪರ್ಧೆಯಲ್ಲಿ ಇದೆಲ್ಲ ಇದ್ದದ್ದೇ, ಎದುರಾಳಿಗೆ ನಾನೇಕೆ ಹೇಳಲಿ, ನಗರದವರು ನಮಗೆ ಹೇಳುತ್ತಾರೆಯೇ ಎಂದು ಎರಡು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರೀ ಹೇಳದೆ ಸುಮ್ಮನಿದ್ದಿದ್ದರೆ ಆ ಸಮಾಧಾನ ಒಪ್ಪುತ್ತಿತ್ತೋ ಏನೋ. ನಾನು ಸುಳ್ಳು ಹೇಳಿದ್ದೆ. ನಿಮ್ಮ ಅನ್ಯಾಯದ ನಿಯಮದಿಂದ ಮೂರು ವರ್ಷ ನಾನೂ ನರಳಿದವಳು. ಒಂದು ದಿನ ಅದರ ಲಾಭ ನನ್ನ ಬಾಗಿಲಿಗೆ ಬಂದಾಗ ಎರಡೂ ಕೈ ಚಾಚಿ ತಗೊಂಡೆ.

ಆದ್ದರಿಂದ ನೀವು ಹುಡುಕುತ್ತಿರುವ ಸಾಬೀತು ಇಲ್ಲಿದೆ, ತಗೊಳ್ಳಿ. ಕಾಳಯ್ಯನವರು ಬೇಕೆಂದು ಸೋಲಲಿಲ್ಲ. ನಾನು ಬೇಕೆಂದು ಸೋಲಿಸಿದೆ.

ಈಗ ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಅದೇ ಬೋರ್ಡಿನಲ್ಲಿ, ಅದೇ ಸೀಲು ಒತ್ತಿ, ಕಾಳಯ್ಯನವರ ಮೇಲೆ ಹೊರಿಸಿದ್ದು ಸುಳ್ಳೆಂದು ಬರೆದು ಅಂಟಿಸಬೇಕು. ಅದೇ ಪತ್ರಿಕೆಯಲ್ಲಿ, ಅದೇ ಜಾಗದಲ್ಲಿ, ಅದು ಅಚ್ಚಾಗಬೇಕು. ಒಳಪುಟದ ಮೂಲೆಯಲ್ಲಿ ಟೆಂಡರ್ ಪ್ರಕಟಣೆಯ ಕೆಳಗೆ ಅಲ್ಲ. ಹದಿನೈದನೇ ತಾರೀಕು ಭಾನುವಾರ ಆಯ್ಕೆ ಸಭೆ ಇದೆಯಲ್ಲ, ಅಲ್ಲಿ ಮೊದಲ ಹೆಸರು ಕೂಗುವವರು ಅವರೇ ಆಗಬೇಕು. ಪೆಟ್ಟಿಗೆ ರಂಗನಾಥ್ ಅವರ ಬಾಗಿಲಿನಿಂದ ಇಳಿಯಲಿ. ಎಲ್ಲ ಎಂಟು ಪಟ್ಟಿಗೂ ಶನಿವಾರ ಮಧ್ಯಾಹ್ನದ ಒಂದೇ ಗಡುವು ಇರಲಿ, ಪಂದ್ಯ ಶುರುವಾಗುವ ಮುಂಚೆ. ಆಗ ನಗರದವರಿಗೂ ಕತ್ತಲೆ, ನಮಗೂ ಕತ್ತಲೆ. ಅದನ್ನೇ ಅಲ್ಲವೇ ನೀವು ಮೊದಲ ದಿನ ತಕ್ಕಡಿ ಎಂದಿದ್ದು? ಇನ್ನು ನನ್ನ ವಿಷಯ. ಆ ಪಂದ್ಯವನ್ನು ಕಾಳಯ್ಯನವರ ಗೆಲುವೆಂದು ತಿದ್ದಿ ನನ್ನನ್ನು ಕೆಳಕ್ಕಿಳಿಸಿ. ಕೂಟದಿಂದ ತೆಗೆಯುವುದಿದ್ದರೆ ತೆಗೆಯಿರಿ. ಆದರೆ ನೆನಪಿರಲಿ, ಸುಳ್ಳು ಹೇಳಿದವಳನ್ನು ತೆಗೆದು, ಸುಳ್ಳನ್ನು ಸೀಲು ಒತ್ತಿ ಅಂಟಿಸಿದವರು ಕುರ್ಚಿಯಲ್ಲೇ ಕೂತಿದ್ದರೆ ಅದಕ್ಕೂ ಒಂದು ಪತ್ರ ಬರೆಯಲು ನನಗೆ ಬರುತ್ತದೆ.

ಒಂದು ಕೆಲಸವನ್ನು ಮಾತ್ರ ನಿಮಗೆ ಬಿಡುವುದಿಲ್ಲ. ಈ ಪತ್ರ ಅಚ್ಚಾದ ಮಾರನೆಯ ದಿನ ಬೆಳಗಿನ ಹಾಲು ಹಾಕುವ ಹೊತ್ತಿಗೆ ನಾನು ಅಮೃತೂರಿನ ಕಡೆ ಹೊರಡುತ್ತೇನೆ. ಡೈರಿಯ ಮುಂದೆ, ಆ ಸಾಲಿನಲ್ಲಿ ನಿಂತವರಿಗೆ, ಚಿಕ್ಕಮಾರಮ್ಮನವರೂ ಕೇಳುವಂತೆ, ಇದನ್ನು ನಾನೇ ಓದಿ ಹೇಳುತ್ತೇನೆ. ಅವರಿಗೆ ಪೆನಾಲ್ಟಿ ಕಾರ್ನರ್ ಗೊತ್ತಿರಬೇಕಾಗಿಲ್ಲ. ಫೋನಿನಲ್ಲಿ ಕೇಳಿದ ಮನುಷ್ಯನಿಗೆ ಸುಳ್ಳು ಹೇಳಿದರೆ ಏನಾಗುತ್ತದೆಂದು ಅವರಿಗೆ ಅರ್ಥವಾಗುತ್ತದೆ. ಊರಿನವರ ಬೈಗುಳಕ್ಕೆ ನಾನು ಹೆದರುವುದಿಲ್ಲ. "ಸರಿ ಬುಡಮ್ಮ" ಎಂದು ಕಾಳಯ್ಯನವರು ಇದನ್ನೂ ಅಷ್ಟು ಸುಲಭವಾಗಿ ಅಂದುಬಿಟ್ಟರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂಬುದೇ ಭಯ.

ಇಂತಿ,
ಗೆದ್ದಿದ್ದಕ್ಕೆ ನಿಮ್ಮಿಂದ ಪರಿಹಾರ ಪಡೆದವಳು,
ಅದನ್ನು ಈ ಲಕೋಟೆಯಲ್ಲೇ ಹಿಂದಿರುಗಿಸುತ್ತಿರುವವಳು,

ಸರ್ವಮಂಗಳ
ಕುಣಿಗಲ್ ತಂಡ, ಮೂರನೆಯ ಸ್ಥಾನ
(ನೀವು ತಿದ್ದುವವರೆಗೆ ಕಾಯದೆ ನಾನೇ ತಿದ್ದಿಕೊಂಡಿದ್ದೇನೆ)